ಅಪ್ಪ ಅಮ್ಮ, ಇಬ್ಬರು ಮಕ್ಕಳು, ಎರಡು ರಾತ್ರಿ: ಪೈನ್‌ಕ್ರೆಸ್ಟೋ, ಲೇಕ್ ಆಲ್ಪೈನೋ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಜುಲೈ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಹೊರಟು ಎರಡು ರಾತ್ರಿ ಟೆಂಟ್ ಹಾಕಬೇಕು. ಜೊತೆಗೆ ಹಾಸನದಿಂದ ಬಂದಿರುವ ಅಪ್ಪ ಅಮ್ಮ, 4 ಮತ್ತು 9 ವರ್ಷದ ಮಕ್ಕಳು. ಅಮ್ಮನಿಗೆ ಮಂಡಿ ನೋವು, ಊಟ ಸಸ್ಯಾಹಾರ. ಸ್ಟಾನಿಸ್ಲಾಸ್ ನ್ಯಾಷನಲ್ ಫಾರೆಸ್ಟ್‌ನಲ್ಲೇ ಇರುವ ಪೈನ್‌ಕ್ರೆಸ್ಟ್ ಲೇಕ್ ಮತ್ತು ಲೇಕ್ ಆಲ್ಪೈನ್, ಎರಡರಲ್ಲಿ ಯಾವುದು?

ಪೈನ್‌ಕ್ರೆಸ್ಟ್. ಈ ಸಲಕ್ಕೆ ಬೇರೆ ಯೋಚನೆಯೇ ಬೇಡ.

ಫೋಟೋ ನೋಡಿದರೆ ಲೇಕ್ ಆಲ್ಪೈನ್ ಚೆಂದ, ಒಪ್ಪುತ್ತೇನೆ. ಜನವೂ ಕಡಿಮೆ. ಆದರೆ ಅದು ಸುಮಾರು 7,300 ಅಡಿ ಮೇಲಿದೆ, ಅಂದರೆ ಮುಳ್ಳಯ್ಯನಗಿರಿ ತುದಿಗಿಂತಲೂ ಹತ್ತಿರಹತ್ತಿರ 300 ಮೀಟರ್ ಎತ್ತರ. ಪೈನ್‌ಕ್ರೆಸ್ಟ್ 5,600 ಅಡಿ. ಹಗಲು ಹೊತ್ತಲ್ಲಿ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ಅಮ್ಮ ಟಾಯ್ಲೆಟ್‌ಗೆ ಎದ್ದಾಗ ಚೆನ್ನಾಗಿ ಗೊತ್ತಾಗುತ್ತದೆ. ಪೈನ್‌ಕ್ರೆಸ್ಟ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಫ್ಲಶ್ ಟಾಯ್ಲೆಟ್ ಇದೆ, ನಲ್ಲಿ ನೀರಿದೆ. ಕೆರೆ ದಡ, ಅಂಗಡಿ, ದೋಣಿ ಬಾಡಿಗೆಗೆ ಕೊಡುವ ಜಾಗ ಎಲ್ಲ ಹತ್ತಿರ. ದೊಡ್ಡ ಆಸ್ಪತ್ರೆ ಬೇಕಾದರೆ ಸೋನೊರಾ ಊರು ಸುಮಾರು 30 ಮೈಲಿ. ವಯಸ್ಸಾದವರ ಜೊತೆ ಹೋಗುವಾಗ ಮೊದಲು ನೋಡಬೇಕಾದದ್ದು ಇವನ್ನೇ, ನೋಟವನ್ನಲ್ಲ. ಲೇಕ್ ಆಲ್ಪೈನ್ ಎಲ್ಲಿಗೂ ಓಡಿಹೋಗುವುದಿಲ್ಲ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ನೀವೇ ಹೋಗಿ.

ಬುಕಿಂಗ್ ವಿಷಯ. ರಿಕ್ರಿಯೇಶನ್ ಡಾಟ್ ಗೌ ವೆಬ್‌ಸೈಟಿನಲ್ಲಿ 6 ತಿಂಗಳು ಮೊದಲೇ ಸೈಟುಗಳ, ಅಂದರೆ ಟೆಂಟ್ ಹಾಕುವ ಜಾಗಗಳ, ಬುಕಿಂಗ್ ತೆರೆಯುತ್ತದೆ, ಜುಲೈ ವೀಕೆಂಡ್‌ಗಳು ಆಗಲೇ ಹೋಗಿರುತ್ತವೆ. ನಿಮಗೆ ಉಳಿದಿರುವ ದಾರಿ ಕ್ಯಾನ್ಸಲ್ ಆದ ಸೈಟು ಹಿಡಿಯುವುದು. ಅದೇ ವೆಬ್‌ಸೈಟಿನಲ್ಲಿ ಅಲರ್ಟ್ ಹಾಕಿಕೊಳ್ಳಿ. ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳಿಗೆ ಒಪ್ಪಿದರೆ ಸಿಗುವ ಸಾಧ್ಯತೆ ಜಾಸ್ತಿ, ಜನಜಂಗುಳಿಯೂ ಕಡಿಮೆ. ಸೈಟ್ ಆರಿಸುವಾಗ ಮ್ಯಾಪ್ ತೆರೆದು ಟಾಯ್ಲೆಟ್ ಎಲ್ಲಿದೆ ನೋಡಿ. ತೀರಾ ಪಕ್ಕದಲ್ಲೇ ಬೇಡ, ರಾತ್ರಿಯೆಲ್ಲ ಬಾಗಿಲ ಸದ್ದು. ಎರಡು ಮೂರು ಸೈಟು ಆಚೆಗಿದ್ದರೆ ಸರಿ. ಇನ್ನೊಂದು, 62 ದಾಟಿದವರ ಸೀನಿಯರ್ ಪಾಸ್ ಇದ್ದರೆ ಕ್ಯಾಂಪಿಂಗ್ ಶುಲ್ಕ ಅನೇಕ ಕಡೆ ಅರ್ಧ ಆಗುತ್ತದೆ ಎಂದು ಯಾರಾದರೂ ನಿಮಗೆ ಹೇಳಬಹುದು. ಅದು ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಕೊಡುವುದಿಲ್ಲ.

ಈಗ ಚಳಿ. ದಾರಿಯಲ್ಲಿ ಓಕ್‌ಡೇಲ್ ದಾಟುವಾಗ ಕಾರಿನಿಂದ ಇಳಿದರೆ ಬಿಸಿಲು ಮುಖಕ್ಕೆ ರಾಚುತ್ತದೆ, ಅಪ್ಪ "ಸ್ವೆಟರ್ ಯಾಕೆ ತಂದೆವೋ" ಎಂದೇ ಎನ್ನುತ್ತಾರೆ. ಅದೇ ದಿನ ರಾತ್ರಿ ಮೇಲೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಆಶ್ಚರ್ಯವಿಲ್ಲ. ಮತ್ತೆ, ಚಳಿ ಬರುವುದು ಮೇಲಿನಿಂದ ಅಲ್ಲ, ಕೆಳಗಿನಿಂದ. ಬರೀ ಗಾಳಿ ತುಂಬಿದ ಹಾಸಿಗೆ ಇದ್ದರೆ ಅದರೊಳಗಿನ ಗಾಳಿಯೇ ತಣ್ಣಗಾಗಿ ಬೆನ್ನು ಕೊರೆಯುತ್ತದೆ. ಅದರ ಮೇಲೆ ಫೋಮ್ ಮ್ಯಾಟ್ ಅಥವಾ ದಪ್ಪ ಕಂಬಳಿ ಹಾಸಲೇಬೇಕು. ಸ್ಲೀಪಿಂಗ್ ಬ್ಯಾಗ್ ಮೇಲೆ 40 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದಿದ್ದರೆ ಆ ಚಳಿಯಲ್ಲಿ ಸುಖವಾಗಿ ನಿದ್ದೆ ಬರುತ್ತದೆ ಎಂದಲ್ಲ. ಬಹಳಷ್ಟು ಬ್ಯಾಗುಗಳಲ್ಲಿ ಅದು ಹೇಗೋ ತಡೆದುಕೊಳ್ಳಬಹುದಾದ ಮಿತಿ ಅಷ್ಟೇ. ದೊಡ್ಡವರಿಗೆ 20 ಡಿಗ್ರಿಯದ್ದೇ ತನ್ನಿ, ಸೆಕೆಯಾದರೆ ಜಿಪ್ ತೆಗೆದರಾಯಿತು.

ಅಮ್ಮನಿಗೆ ನೆಲದ ಹಾಸಿಗೆ ಬೇಡವೇ ಬೇಡ. ಮಂಡಿ ನೋವಿರುವವರಿಗೆ ಮಲಗುವುದು ಕಷ್ಟವಲ್ಲ, ಏಳುವುದು ಕಷ್ಟ. ಮಡಚುವ ಮಂಚ, ಇಲ್ಲಿ ಕಾಟ್ ಅನ್ನುತ್ತಾರಲ್ಲ, ಅದನ್ನು ಬಾಡಿಗೆಗೋ ಯಾರಿಂದಲೋ ತನ್ನಿ. ಅದರ ಮೇಲೂ ಕಂಬಳಿ ಹಾಸಿ, ಏಕೆಂದರೆ ಬಟ್ಟೆಯ ಕೆಳಗೆ ಗಾಳಿ ಆಡುತ್ತದೆ. ಹಾಗೆಯೇ 6 ಜನರ ಟೆಂಟ್ ಎಂದರೆ ಆರು ಜನ ಮೀನಿನ ಹಾಗೆ ಸಾಲಾಗಿ ಮಲಗುವ ಲೆಕ್ಕ. ಕಾಟ್ ಇಟ್ಟರೆ ಅದರಲ್ಲಿ ಮೂವರು ಹಿಡಿದರೆ ಹೆಚ್ಚು. ನಿಮ್ಮದು ಆರು ಜನ, ಎರಡು ಟೆಂಟ್ ಹಾಕಿ. ಮಂಕಿ ಟೋಪಿಯನ್ನು ನೋಡಿ ನಗಬೇಡಿ, ರಾತ್ರಿ ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಎಷ್ಟೇ ಚಳಿಯಾದರೂ ಟೆಂಟ್ ಒಳಗೆ ಸ್ಟವ್, ಕೆಂಡ, ಪ್ರೊಪೇನ್ ಹೀಟರ್ ಯಾವುದೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ.

ಕರಡಿ ಬಗ್ಗೆ ಅಪ್ಪ ಹೆದರಿದ್ದಾರೆ ಎಂದಿರಿ. ಕ್ಯಾಲಿಫೋರ್ನಿಯಾದ ಬಾವುಟದ ಮೇಲಿರುವ ಗ್ರಿಜ್ಲಿ ಈ ರಾಜ್ಯದಲ್ಲಿ ನೂರು ವರ್ಷದ ಹಿಂದೆಯೇ ಇಲ್ಲವಾಯಿತು. ಈಗ ಇರುವುದು ಕಪ್ಪು ಕರಡಿ ಮಾತ್ರ. ಅದಕ್ಕೆ ಬೇಕಾದದ್ದು ನಾವಲ್ಲ, ನಮ್ಮ ತಿಂಡಿ. ನಮ್ಮವರ ತೊಂದರೆ ಏನೆಂದರೆ, ತಿಂಡಿ ಎಂದರೆ ಬರೀ ಕೂಲರ್ ಎಂದುಕೊಳ್ಳುತ್ತೇವೆ. ಕರಡಿಗೆ ವಾಸನೆ ಬರುವುದೆಲ್ಲ ತಿಂಡಿಯೇ. ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿ, ಅಮೃತಾಂಜನ, ಊದಿನಕಡ್ಡಿ, ಕಸದ ಚೀಲ, ಚಿಕ್ಕವನ ಕಾರ್ ಸೀಟಿನ ಸಂದಿಯಲ್ಲಿ ಬಿದ್ದಿರುವ ಬಿಸ್ಕತ್ ಪುಡಿ ಕೂಡ. ಹೊರಡುವ ಹಿಂದಿನ ದಿನ ಕಾರು ವ್ಯಾಕ್ಯೂಮ್ ಮಾಡಿ. ಸೈಟಿನಲ್ಲಿ ದಪ್ಪ ತಗಡಿನ ಕರಡಿ ಪೆಟ್ಟಿಗೆ ಇದ್ದರೆ ಇವೆಲ್ಲ ಅದರೊಳಗೆ. ಇಲ್ಲವಾದರೆ ಗೇಟಿನ ಬಳಿ ಬೋರ್ಡಿನಲ್ಲಿ ಹೇಳಿದ ಹಾಗೆ ಇಡಿ. ಆ ಪೆಟ್ಟಿಗೆಯ ಚಿಲಕ ಹೊರಗೆ ಕಾಣುವುದಿಲ್ಲ. ಮುಚ್ಚಿದ ತಗಡಿನ ಸಂದಿಯೊಳಗೆ ಬೆರಳು ತೂರಿಸಿ ಒಳಗಿನ ಪಟ್ಟಿಯನ್ನು ಒತ್ತಬೇಕು, ಕರಡಿಯ ಪಂಜ ಅಲ್ಲಿಗೆ ಹೋಗುವುದಿಲ್ಲ. ಬಾಗಿಲು ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಸುಮ್ನೆ ಒರಗಿಸಿ ಬಂದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಹಗಲಲ್ಲೂ ಇದೇ ಶಿಸ್ತು. ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿ, ಅಳಿಲುಗಳು ತಟ್ಟೆಯಿಂದಲೇ ಎತ್ತಿಕೊಂಡು ಹೋಗುತ್ತವೆ. ಮಕ್ಕಳು ಅಳಿಲಿಗೆ ತಿನಿಸದಂತೆ ನೋಡಿಕೊಳ್ಳಿ, ಅವುಗಳಿಂದ ರೋಗ ಬರುವುದುಂಟು.

ಅಡುಗೆಗೆ ಎರಡು ಬರ್ನರ್‌ನ ಪ್ರೊಪೇನ್ ಸ್ಟವ್ ಮತ್ತು 3 ಲೀಟರ್ ಪ್ರೆಶರ್ ಕುಕ್ಕರ್ ಸಾಕು. ಆ ಎತ್ತರದಲ್ಲಿ ನೀರು 94–95 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಮೊದಲ ರಾತ್ರಿ ಅಡುಗೆಯ ಗೋಜೇ ಬೇಡ, ಟೆಂಟ್ ಹಾಕುವಷ್ಟರಲ್ಲಿ ಎಲ್ಲರೂ ಹಸಿದಿರುತ್ತಾರೆ. ಮನೆಯಿಂದಲೇ ಚಪಾತಿ, ಪಲ್ಯ, ಪುಳಿಯೋಗರೆ ತನ್ನಿ. ಬೆಳಗ್ಗೆಗೆ ಒಗ್ಗರಣೆ ಹಾಕಿ ಹುರಿದಿಟ್ಟ ರವೆ ಇದ್ದರೆ ನೀರು ಕಾಯಿಸಿದರೆ ಉಪ್ಪಿಟ್ಟು. ಗೊಜ್ಜವಲಕ್ಕಿಗೆ ಒಲೆಯೇ ಬೇಡ. ಡಿಕಾಕ್ಷನ್ ಮನೆಯಲ್ಲೇ ಇಳಿಸಿ ಬಾಟಲಿಯಲ್ಲಿ ತುಂಬಿ ಕೂಲರ್‌ನಲ್ಲಿಡಿ. ಆ ಚಳಿಯಲ್ಲಿ ಫಿಲ್ಟರ್ ಮುಂದೆ ಕಾಯುತ್ತಾ ಕೂರುವ ತಾಳ್ಮೆ ಯಾರಿಗಿರುತ್ತದೆ? ಪಾತ್ರೆ ತೊಳೆದ ನೀರು, ಸೋಪು ಕೆರೆಗೆ ಹೋಗಬಾರದು. ಕೆರೆಯಲ್ಲಿ ಪಾತ್ರೆ ಅದ್ದುವುದಂತೂ ಇಲ್ಲವೇ ಇಲ್ಲ. ಸ್ನಾನದ ಆಸೆ ಎರಡು ದಿನ ಬಿಡಿ. ಟಾಯ್ಲೆಟ್‌ನಲ್ಲಿ ಪೇಪರ್ ಮಾತ್ರ, ಒಂದು ಚೊಂಬು ಚೀಲದಲ್ಲಿ ಹಾಕಿಕೊಳ್ಳಿ.

ಬೆಂಕಿ. ಮಕ್ಕಳಿಗೆ ಕ್ಯಾಂಪ್‌ಫೈರ್ ಬೇಕೇ ಬೇಕು, ಗೊತ್ತು. ಆದರೆ ಜುಲೈ ಕೊನೆಗೆ ನಿರ್ಬಂಧ ಬಂದಿರಬಹುದು, ಹೊರಡುವ ದಿನ ಫಾರೆಸ್ಟ್ ವೆಬ್‌ಸೈಟ್ ನೋಡಿ. ಇದೇ ಕಾಡಿನಲ್ಲಿ 2013ರ ರಿಮ್ ಫೈರ್ 2,57,000 ಎಕರೆ ಸುಟ್ಟಿತು. ನಿಯಮ ಮೀರಿ ಹಚ್ಚಿದ ಒಂದು ಸಣ್ಣ ಬೆಂಕಿ ಕೈತಪ್ಪಿದ್ದೇ ಕಾರಣ ಎಂದು ಫಾರೆಸ್ಟ್ ಸರ್ವಿಸ್ ಹೇಳಿದೆ. ನಿರ್ಬಂಧ ಇಲ್ಲದಿದ್ದರೆ, ಸೈಟಿನಲ್ಲಿ ಬೆಂಕಿಗೆಂದೇ ಇಟ್ಟಿರುವ ಕಬ್ಬಿಣದ ಬಳೆಯೊಳಗೆ ಮಾತ್ರ ಹಚ್ಚಿ. ಕಟ್ಟಿಗೆ ಫ್ರೀಮಾಂಟ್‌ನಿಂದ ಒಯ್ಯಬೇಡಿ, ಅದರೊಳಗಿನ ಹುಳು ಅಲ್ಲಿನ ಮರಕ್ಕೆ ಹತ್ತುತ್ತದೆ. ಅಲ್ಲೇ ಕೊಳ್ಳಿ. ಮಲಗುವ ಮೊದಲು ನೀರು ಸುರಿದು, ಕಲಕಿ, ಮತ್ತೆ ನೀರು ಸುರಿದು, ಕೈಗೆ ಬಿಸಿ ತಾಗದಷ್ಟು ಆರಿಸಿ.

ಕೆರೆಯಲ್ಲಿ ಆಡುವಾಗ ಚಿಕ್ಕವನಿಗೆ ಲೈಫ್ ಜಾಕೆಟ್ ದಡದಲ್ಲೂ ಇರಲಿ. ದೋಣಿಯಲ್ಲಂತೂ 13ರೊಳಗಿನ ಮಕ್ಕಳಿಗೆ ಈ ರಾಜ್ಯದಲ್ಲಿ ಕಡ್ಡಾಯ. ಹಿಮ ಕರಗಿದ ನೀರು, ತುಟಿ ನೀಲಿಯಾದರೂ ಮಕ್ಕಳು ಹೊರಗೆ ಬರುವುದಿಲ್ಲ. ನೀವೇ ಎತ್ತಿಕೊಂಡು ಬರಬೇಕು. ಕೆರೆ ಸುತ್ತ ಸುಮಾರು 4 ಮೈಲಿಯ ಕಾಲುದಾರಿ ಇದೆ. ಆಚೆ ದಡದಲ್ಲಿ ಬಂಡೆ ಹತ್ತಿ ಇಳಿಯಬೇಕು, ಅಮ್ಮ ಅಪ್ಪ ಪೂರ್ತಿ ಸುತ್ತುವುದು ಬೇಡ. ಬದಲಿಗೆ ಎಲ್ಲರೂ ಸೇರಿ ಒಂದು ಗಂಟೆ ದೊಡ್ಡ ಪ್ಯಾಟಿಯೋ ದೋಣಿ ಬಾಡಿಗೆಗೆ ತೆಗೆದುಕೊಳ್ಳಿ. ಇಲ್ಲವೇ ಕಾರಿನಲ್ಲಿ 108ನೇ ಹೆದ್ದಾರಿಯ ಮೇಲೆ ಇನ್ನೂ ಮುಂದೆ ಹೋಗಿ ಡಾನೆಲ್ ವಿಸ್ಟಾದಲ್ಲಿ ನಿಲ್ಲಿ. ಪಾರ್ಕಿಂಗ್‌ನಿಂದ ಸ್ವಲ್ಪವೇ ನಡೆದರೆ ಕೆಳಗೆ ಆಳದಲ್ಲಿ ಅಣೆಕಟ್ಟಿನ ನೀರು ಕಾಣುತ್ತದೆ. 2018ರ ಬೆಂಕಿಯಲ್ಲಿ ಕರಕಲಾದ ಮರಗಳೂ ಆ ಕಡೆ ಇವೆ. ದೊಡ್ಡವಳಿಗೆ ಜೆಫ್ರಿ ಪೈನ್ ಮರದ ತೊಗಟೆ ಮೂಸಿ ನೋಡಲು ಹೇಳಿ, ವೆನಿಲಾ ವಾಸನೆ ಬರುತ್ತದೆ.

ದಿನಸಿ, ಐಸ್, ಪೆಟ್ರೋಲ್ ಎಲ್ಲ ಸೋನೊರಾದಲ್ಲೇ ಮುಗಿಸಿ, ಮೇಲೆ ಎಲ್ಲವೂ ದುಬಾರಿ. ಅಪ್ಪ ಅಮ್ಮನ ಮಾತ್ರೆಗಳು ಒಂದು ದಿನದ್ದು ಹೆಚ್ಚಿಗೇ ಇರಲಿ. ಸೈಟ್ ನಂಬರ್ ಸಿಕ್ಕ ಮೇಲೆ ಇಲ್ಲೇ ಹಾಕಿ, ಟಾಯ್ಲೆಟ್‌ಗೆ ದಾರಿ ಸಮತಟ್ಟಾಗಿದೆಯಾ ಇಲ್ಲವಾ ಎಂದು ನೋಡಿ ಹೇಳುತ್ತೇನೆ. ಒಂದು ಕಾಟ್ ನನ್ನ ಹತ್ತಿರ ಇದೆ, ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಿ.