ತವರಿನ ಬಳೆ ಮಾರಲೇ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಯಜಮಾನರಿಗೆ ಅಂಧೇರಿಯಲ್ಲಿ ಕೆಲಸ, ಸಂಬಳ ಚೆನ್ನಾಗಿದೆ. ಮಗನ ಉಪನಯನವನ್ನು ಉಡುಪಿಯಲ್ಲಿ ಅದ್ದೂರಿಯಾಗಿ ಮಾಡಿದೆವು. ಈಚೆಗೆ ಅವರ ಆಫೀಸ್ ಬ್ಯಾಗಿನಲ್ಲಿ ಮೂರು ಕ್ರೆಡಿಟ್ ಕಾರ್ಡುಗಳ ಬಿಲ್ಲು ಸಿಕ್ಕಿತು. ಮೇಲೆ ಆ್ಯಪ್ ಸಾಲವೂ ಇದೆಯಂತೆ. ತಿಂಗಳು ತಿಂಗಳೂ ಕಟ್ಟುತ್ತಾರೆ, ಸಾಲ ಕರಗುವುದಿಲ್ಲ. ನನ್ನ ತವರಿನ ಬಳೆ ಮಾರೋಣ ಅನ್ನುತ್ತಿದ್ದಾರೆ. ಕೊಡಲೇ?

ಉತ್ತರ: ಈಗಲೇ ಬೇಡ ತಾಯಿ. ಮೊದಲು ಆ ಬಿಲ್ಲುಗಳನ್ನು ಇಬ್ಬರೂ ಕೂತು ಓದಿ. ಕಾರ್ಡಿನಲ್ಲಿ 2 ಲಕ್ಷ ಬಾಕಿ ಇದೆ ಅಂದುಕೊಳ್ಳಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 7,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 1,260. ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಎಂದು 10,000 ಕಟ್ಟಿದರೂ ಅಸಲಿಗೆ ಹೋಗುವುದು ಬರೀ 1,740. ಬಾಕಿ ಇರುವಾಗ ಅದೇ ಕಾರ್ಡು ಉಜ್ಜಿ ತಂದ ದಿನಸಿಗೂ ತಂದ ದಿನದಿಂದಲೇ ಬಡ್ಡಿ ಬೀಳುತ್ತದೆ. ನಿಮ್ಮವರು ಮೋಸಗಾರರಲ್ಲ. ಮುಂಬಯಿಯಲ್ಲಿ ದುಡಿಯುವವನು ಊರಿನವರ ಮುಂದೆ ಕೈ ಬಿಗಿ ಹಿಡಿಯಬಾರದೆಂಬ ಹಟ ನಮ್ಮಲ್ಲಿ ಎಷ್ಟೋ ಮನೆಗಳನ್ನು ಹೀಗೆ ಸಾಲಕ್ಕೆ ದೂಡಿದೆ. ಆದರೆ ಬಚ್ಚಿಟ್ಟದ್ದು ತಪ್ಪು, ಅದನ್ನು ಅವರಿಗೆ ನೇರವಾಗಿ ಹೇಳಿ. ಬಚ್ಚಿಟ್ಟಿದ್ದರಿಂದಲೇ ಒಂದು ಕಾರ್ಡು ಮೂರಾಯಿತು, ಮೂರರ ಕಂತು ಕಟ್ಟಲು ಆ್ಯಪ್ ಬಂತು.

ಮಾರುವುದಕ್ಕಿಂತ ಬ್ಯಾಂಕಿನಲ್ಲಿ ಅಡವಿಡುವುದು ಮೇಲು. ಕಾರ್ಡಿಗೆ ವರ್ಷಕ್ಕೆ ಶೇ. 42 ಕಟ್ಟುತ್ತಿರುವವರಿಗೆ ಚಿನ್ನದ ಸಾಲದ ಬಡ್ಡಿ ಅದರ ಅರ್ಧವೂ ಆಗದು. ಆದರೆ ಎರಡು ಷರತ್ತು ಹಾಕಿ. ಒಂದೂ ಬಿಡದೆ ಎಲ್ಲ ಸಾಲವನ್ನೂ ನಿಮ್ಮೆದುರು ಕಾಗದದಲ್ಲಿ ಬರೆಯಬೇಕು. ಅವರ ಹೆಸರಿನಲ್ಲಿರುವ ಸಾಲಗಳ ದಾಖಲೆಯಾದ ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ, ಅದರ ಜೊತೆ ತಾಳೆ ನೋಡಿ. ತೀರಿಸಿದ ಕಾರ್ಡುಗಳನ್ನು ಬ್ಯಾಂಕಿಗೆ ಬರೆದುಕೊಟ್ಟು ಮುಚ್ಚಿಸಬೇಕು. ಇದನ್ನು ಮಾಡದೆ ಬಳೆ ಕೊಟ್ಟರೆ ಖಾಲಿಯಾದ ಕಾರ್ಡು ಗಣೇಶ ಚತುರ್ಥಿಗೇ ಮತ್ತೆ ತುಂಬುತ್ತದೆ, ಬಳೆಯೂ ಇರುವುದಿಲ್ಲ. ಅವರು ಒಪ್ಪದಿದ್ದರೆ ಬಳೆ ನಿಮ್ಮ ಬಳಿಯೇ ಇರಲಿ. ಅದು ನಿಮ್ಮ ಸ್ತ್ರೀಧನ, ಯಾರೂ ಒತ್ತಾಯ ಮಾಡುವಂತಿಲ್ಲ.

ಅತ್ತೆ ಮಾವನಿಗೆ ಸಾಲದ ವಿಷಯ ನಿಮ್ಮವರೇ ಹೇಳಲಿ, ನೀವು ಪಕ್ಕದಲ್ಲಿರಿ. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಹೆದರಿಸಿದರೆ ಕರೆಯ ದಿನ, ಹೊತ್ತು ಬರೆದಿಟ್ಟು ಆ ಬ್ಯಾಂಕಿಗೇ ಲಿಖಿತ ದೂರು ಕೊಡಿ.