ಕಾರಿನಲ್ಲಿ ಅಂದ ಒಂದು ‘ಹೂಂ’

ಮಕ್ಕಳ ಡಾಕ್ಟರೊಬ್ಬರು ಆಪ್ತ ಸಮಾಲೋಚನೆಗೆಂದು ನನ್ನ ಹತ್ತಿರ ಕಳಿಸಿದ ಪ್ರಕರಣ ಇದು. ಹುಡುಗಿಗೆ 13 ವರ್ಷ. ಟೆನಿಸ್ ಆಡುತ್ತಾಳೆ. ಟೂರ್ನಿಯ ಹಿಂದಿನ ರಾತ್ರಿ ಹೊಟ್ಟೆನೋವು, ಬೆಳಿಗ್ಗೆ ವಾಂತಿ. ಮೂರು ತಿಂಗಳಿಂದ ಹೀಗೇ. ರಕ್ತ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ಏನೂ ಸಿಗಲಿಲ್ಲ. ಇಂಥ ಮಕ್ಕಳು ನನ್ನ ಹತ್ತಿರ ಬರುವುದು ಹೊಸದಲ್ಲ. ಒಬ್ಬರದು ಕ್ರಿಕೆಟ್, ಇನ್ನೊಬ್ಬರದು ಭರತನಾಟ್ಯ, ಮತ್ತೊಬ್ಬರದು ನವೋದಯ ಪರೀಕ್ಷೆ. ಹೊಟ್ಟೆನೋವು ಮಾತ್ರ ಒಂದೇ. ಆದರೆ ಈ ಹುಡುಗಿ ಆಡಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರೂ ಒಪ್ಪಿದ್ದಾರೆ, ಹುಡುಗಿಯೂ ಒಪ್ಪಿದ್ದಾಳೆ.

ತಂದೆಗೆ ಗಂಜ್‌ನಲ್ಲಿ, ಅಂದರೆ ಕಲಬುರಗಿಯ ಧಾನ್ಯ ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರ. ತಾಯಿ ಶಾಲಾ ಶಿಕ್ಷಕಿ. ಒಬ್ಬಳೇ ಮಗಳು. ಮಗಳ ಆಟಕ್ಕಾಗಿ ಈ ತಂದೆ ಪಡುವ ಕಷ್ಟ ಸಣ್ಣದಲ್ಲ. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ಬೆಳಿಗ್ಗೆ ಒಂಬತ್ತರ ಮೇಲೆ ಕೋರ್ಟಿನಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ. ಹಾಗಾಗಿ ಇವರು ನಾಲ್ಕೂವರೆಗೇ ಎದ್ದು ಮಗಳನ್ನು ಎಬ್ಬಿಸುತ್ತಾರೆ. ಟೂರ್ನಿ ಎಂದರೆ ಸೊಲ್ಲಾಪುರ, ಹೈದರಾಬಾದ್, ಹುಬ್ಬಳ್ಳಿ, ಬೆಂಗಳೂರು. ಗಂಜ್‌ನಲ್ಲಿ ಸೀಸನ್ ಜೋರಾಗಿದ್ದಾಗಲೂ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಕಾರು ಹತ್ತುತ್ತಾರೆ. 2023ರ ಕೊನೆಯಲ್ಲಿ ನಮ್ಮ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪುರುಷರ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿ ನಡೆದಿತ್ತಲ್ಲ, ರಾಮ್‌ಕುಮಾರ್ ರಾಮನಾಥನ್ ಸಿಂಗಲ್ಸ್ ಗೆದ್ದದ್ದು, ಆಗ ಅಪ್ಪ ಮಗಳು ಒಂದು ದಿನವೂ ತಪ್ಪಿಸದೆ ಹೋಗಿ ನೋಡಿದ್ದರಂತೆ. ಇದನ್ನೆಲ್ಲ ಮೊದಲೇ ಹೇಳುತ್ತಿದ್ದೇನೆ. ಮುಂದೆ ಓದುವಾಗ ಈ ತಂದೆಯನ್ನು ಯಾರೂ ಕೆಟ್ಟವರೆಂದು ತಿಳಿಯಬಾರದು.

ಮೊದಲ ಭೇಟಿಯಲ್ಲಿ ಮಾತೆಲ್ಲ ಅವರದೇ. ತೀರ್ಮಾನವನ್ನೂ ಅವರೇ ಮಾಡಿಕೊಂಡು ಬಂದಿದ್ದರು.

“ಡಬಲ್ಸ್ ಬಿಡಸ್ತೀನ್ರಿ ಮೇಡಂ. ಅದರಿಂದಾನೇ ಇಕಿ ತಲಿ ಕೆಟ್ಟದ. ಪಾಯಿಂಟ್ ನೋಡಿದ್ರ ಕಾಲುಭಾಗ. ಯಾಕ ಬೇಕು?”

ಕಾಲುಭಾಗದ ಲೆಕ್ಕ ಸುಳ್ಳಲ್ಲ. ಐಟಿಎಫ್ ಜೂನಿಯರ್ ರ್‍ಯಾಂಕಿಂಗ್‌ನಲ್ಲಿ ಸಿಂಗಲ್ಸ್‌ನ ಅತ್ಯುತ್ತಮ ಆರು ಫಲಿತಾಂಶ ಪೂರ್ತಿ ಸೇರುತ್ತವೆ. ಡಬಲ್ಸ್‌ನ ಆರರಲ್ಲಿ ನಾಲ್ಕನೇ ಒಂದು ಭಾಗ ಮಾತ್ರ. ಹಾಗಾಗಿ ಹೆತ್ತವರ ಕಣ್ಣು ಸಿಂಗಲ್ಸ್ ಮೇಲೇ. ಡಬಲ್ಸ್ ಎಂದರೆ ಸಿಂಗಲ್ಸ್‌ಗೆ ಬಂದವರು ಅದರ ಜೊತೆಗೆ ಇಬ್ಬಿಬ್ಬರು ಜೋಡಿಯಾಗಿ ಆಡಿಬಿಡುವ ಆಟ. ಜೊತೆಗಾತಿ ಯಾರೆಂದು ಎಷ್ಟೋ ಸಲ ಟೂರ್ನಿಯ ಜಾಗಕ್ಕೆ ಹೋದ ಮೇಲೆ, ಹೆಸರು ಬರೆಸುವ ಹೊತ್ತಿಗೆ ಗೊತ್ತಾಗುತ್ತದೆ. ಆರಿಸುವವರು ಯಾರು? ಅಪ್ಪಂದಿರು. ಆ ಗುಂಪಿನಲ್ಲಿ ಹುಡುಗಿಯರು ರ್‍ಯಾಕೆಟ್ ಬ್ಯಾಗ್ ಹಿಡಿದು ಸುಮ್ನೆ ನಿಂತಿರುತ್ತಾರೆ.

ಎರಡನೆಯ ಭೇಟಿಯಲ್ಲಿ ಹುಡುಗಿ ಒಬ್ಬಳೇ ಕುಳಿತಳು. ನೀನು ಹೇಳಿದ್ದನ್ನು ನಿನ್ನನ್ನು ಕೇಳದೆ ಅಪ್ಪನಿಗೆ ಹೇಳುವುದಿಲ್ಲ, ನಿನ್ನ ಜೀವಕ್ಕೆ ಅಪಾಯ ಎನಿಸಿದರೆ ಮಾತ್ರ ಹೇಳಲೇಬೇಕಾಗುತ್ತದೆ ಎಂದೆ. ತಲೆಯಾಡಿಸಿದಳು. ಬೇರೆ ಏನೂ ಆಡಲಿಲ್ಲ.

ಮೂರನೆಯ ಭೇಟಿಯಲ್ಲಿ ಹಾಳೆ ಕೊಟ್ಟು, “ನನಗೆ ಟೆನಿಸ್ ಅಷ್ಟು ತಿಳಿಯಲ್ಲ, ಕೋರ್ಟ್ ಬರೆದು ತೋರಿಸು” ಎಂದೆ. ಆಗ ಹುಡುಗಿಯ ಮುಖವೇ ಬದಲಾಯಿತು. ಗೆರೆಗಳನ್ನು ಸರಸರ ಎಳೆದಳು. ಸಿಂಗಲ್ಸ್‌ಗೆ ಅಗಲ 27 ಅಡಿ, ಡಬಲ್ಸ್‌ಗೆ ಎರಡೂ ಬದಿಯ ನಾಲ್ಕೂವರೆ ಅಡಿಯ ಪಟ್ಟಿ ಸೇರಿ 36 ಅಡಿ ಎಂದು ವಿವರಿಸಿದಳು. ಮಕ್ಕಳಿಗೆಂದು ಇಟ್ಟಿರುವ ಹುಣಸೆ ಬೀಜದ ಡಬ್ಬಿಯಿಂದ ನಾಲ್ಕು ಬೀಜ ತೆಗೆದು ಆಟಗಾರ್ತಿಯರನ್ನು ನಿಲ್ಲಿಸಿದಳು. ಒಬ್ಬಳು ಸರ್ವ್ ಮಾಡುವಾಗ ಇನ್ನೊಬ್ಬಳು ನೆಟ್ ಹತ್ತಿರ ನಿಲ್ಲುತ್ತಾಳಂತೆ. ಬೆನ್ನ ಹಿಂದೆ ಕೈಯಲ್ಲೇ ಸನ್ನೆ ಮಾಡುತ್ತಾಳಂತೆ. ಮುಷ್ಟಿ ಹಿಡಿದರೆ ಇಲ್ಲೇ ನಿಲ್ಲುತ್ತೇನೆ ಅಂತ, ಅಂಗೈ ತೆರೆದರೆ ಆ ಕಡೆ ದಾಟುತ್ತೇನೆ ಅಂತ.

“ನಿನಗೆ ಯಾವುದು ಇಷ್ಟ? ಸಿಂಗಲ್ಸೋ, ಡಬಲ್ಸೋ?”

“ಡಬಲ್ಸ್.”

“ಯಾಕೆ?”

“ಸೋತ್ರ ಬೈಗುಳ ಅರ್ಧ ಆಗ್ತದ್ರಿ.”

ಹೇಳಿ ನಕ್ಕಳು. ನನಗೂ ನಗು ಬಂತು. ಆಮೇಲೆ, ಹೆಚ್ಚೇನೂ ಯೋಚಿಸದೆ, “ಉಳಿದ ಅರ್ಧ ಯಾರಿಗೆ ಹೋಗುತ್ತೆ?” ಎಂದು ಕೇಳಿದೆ.

ನಗು ನಿಂತಿತು. ನೆಟ್ ಹತ್ತಿರ ಇಟ್ಟಿದ್ದ ಬೀಜವನ್ನು ಬೆರಳಿಂದ ಹಿಂದೆ ಮುಂದೆ ಸರಿಸತೊಡಗಿದಳು. ನಾನು ಕಾಯುತ್ತಾ ಕುಳಿತೆ. ಐದು ನಿಮಿಷವಾದರೂ ಆಗಿರಬೇಕು. ಆಮೇಲೆ ಮೆಲ್ಲಗೆ ಒಂದು ಮ್ಯಾಚಿನ ಕತೆ ಶುರುವಾಯಿತು.

ಪಕ್ಕದ ರಾಜ್ಯದ ಊರೊಂದರಲ್ಲಿ ಬಾಲಕಿಯರ ಡಬಲ್ಸ್ ಸೆಮಿಫೈನಲ್. ಜೊತೆಗಾತಿ ಇವಳ ಜೊತೆಗೇ ಆಟ ಕಲಿಯುವ ಗೆಳತಿ. ಇಬ್ಬರೂ ಎರಡು ವರ್ಷದಿಂದ ಜೋಡಿ. ಒಂದೊಂದು ಸೆಟ್ ಸಮ ಆಗಿತ್ತು. ಡಬಲ್ಸ್‌ನಲ್ಲಿ ಎಷ್ಟೋ ಕಡೆ ಮೂರನೇ ಸೆಟ್ ಆಡಿಸುವುದಿಲ್ಲ, ಅದರ ಬದಲು ಹತ್ತು ಪಾಯಿಂಟಿನ ಟೈಬ್ರೇಕ್ ಇರುತ್ತದೆ. ಎರಡರ ಅಂತರ ಇಟ್ಟುಕೊಂಡು ಮೊದಲು ಹತ್ತು ಮುಟ್ಟಿದವರು ಗೆದ್ದಂತೆ. ಅದರಲ್ಲಿ 8-8. ಸರ್ವ್ ಇವಳದು. ಗೆಳತಿ ನೆಟ್ ಹತ್ತಿರ ಅಂಗೈ ತೆರೆದು ತೋರಿಸಿದಳು. ಇವಳ ಮೊದಲ ಸರ್ವ್ ನೆಟ್ಟಿಗೆ ಹೋಯಿತು. ಎರಡನೆಯದು ಗೆರೆ ದಾಟಿ ಹೊರಗೆ ಬಿತ್ತು. ಡಬಲ್ ಫಾಲ್ಟ್, ಪಾಯಿಂಟ್ ಎದುರಿನವರಿಗೆ. 8-9. ಮುಂದಿನ ಸರ್ವ್ ಎದುರಿನವರದು. ಅದನ್ನು ಗೆಳತಿ ವಾಪಸ್ ಹೊಡೆಯಬೇಕಿತ್ತು. ಚೆಂಡು ನೆಟ್ಟಿಗೆ ಹೋಯಿತು. ಮುಗಿಯಿತು.

ತಂದೆ ಆ ಹೊತ್ತಿಗೆ ಗಂಜ್‌ನಿಂದ ಬಂದ ಫೋನಿನಲ್ಲಿ ಮಾತಾಡುತ್ತಾ ಹೊರಗಿದ್ದರು. ಒಳಗೆ ಬಂದಾಗ ಕಂಡದ್ದು ಕೊನೆಯ ಚೆಂಡು ಮಾತ್ರ.

“ಕಾರಿನಾಗ ಪಪ್ಪಾ ಅಂದ್ರು, ನಿಂದೇನೂ ತಪ್ಪಿಲ್ಲ ಬಿಡು, ಆಕಿಗಿ ಒಂದ್ ಬಾಲ್ ವಾಪಸ್ ಹಾಕ್ಲಿಕ್ಕಾಗ್ಲಿಲ್ಲ ನೋಡು ಅಂತ.”

“ನೀನೇನಂದೆ?”

“ಹೂಂ ಅಂದೆ.”

ಅಷ್ಟೇ. ಇಡೀ ಪ್ರಕರಣ ಇರುವುದು ಆ ‘ಹೂಂ’ನಲ್ಲಿ. ಊರು ತಲುಪಿದ ಮೇಲೆ ತಂದೆ ಕೋಚ್ ಜೊತೆ ಮಾತಾಡಿದರು. ಮುಂದಿನ ಟೂರ್ನಿಗೆ ಬೇರೆ ಜೊತೆಗಾತಿ ಬಂದಳು. ರ್‍ಯಾಂಕಿಂಗ್‌ನಲ್ಲಿ ಮೇಲಿರುವವಳು. ಹಳೆಯ ಗೆಳತಿ ಮಾತು ಬಿಟ್ಟಳು. ಬೆಳಿಗ್ಗೆ ಐದೂವರೆಗೆ ಇಬ್ಬರೂ ಅದೇ ಕೋರ್ಟಿಗೆ ಬರುತ್ತಾರೆ, ಅದೇ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಳ್ಳುತ್ತಾರೆ, ಮುಖ ನೋಡುವುದಿಲ್ಲ. ಹೊಟ್ಟೆನೋವು ಶುರುವಾಗಿದ್ದು ಆ ವಾರದಿಂದ.

ನನ್ನನ್ನು ಕಾಡಿದ್ದು ಇದು. ಈ ತಂದೆ ಮಗಳನ್ನು ಬೈದಿರಲಿಲ್ಲ. ಹೊಡೆದಿರಲಿಲ್ಲ. ಅವಳ ಪರವಾಗಿಯೇ ಮಾತಾಡಿದ್ದರು. ನಿನ್ನ ತಪ್ಪಿಲ್ಲ ಎಂದು ಸಮಾಧಾನ ಹೇಳಿದ್ದರು. ಆದರೆ ಆ ಸಮಾಧಾನವನ್ನು ಇನ್ನೊಬ್ಬರ ಮಗುವಿನ ಮೇಲೆ ತಪ್ಪು ಹೊರಿಸಿ ಕೊಟ್ಟಿದ್ದರು. ಮಕ್ಕಳಿಗೆ ಬೈಗುಳ ಭಾರ ಎಂದು ನಾವೆಲ್ಲ ಒಪ್ಪುತ್ತೇವೆ. ತನಗೆ ಸಲ್ಲದ ಸಮಾಧಾನವೂ ಭಾರವೇ. ಇದನ್ನು ನಾವು ಗಮನಿಸುವುದು ಕಡಿಮೆ. ಬೈಸಿಕೊಂಡ ಮಗು ಅತ್ತು ಹಗುರಾಗಬಹುದು. ಈ ಹುಡುಗಿ ಎಲ್ಲಿ ಅಳಬೇಕಿತ್ತು? ಅಪ್ಪ ತನ್ನ ಪರ ಇದ್ದಾರಲ್ಲ!

ಮನೆಗಳಲ್ಲಿ ಇದು ದಿನವೂ ನಡೆಯುತ್ತದೆ. ಮಾರ್ಕ್ಸ್ ಕಡಿಮೆ ಬಂದರೆ “ಆ ಟೀಚರ್‌ಗೆ ಪಾಠ ಮಾಡಲಿಕ್ಕೆ ಬರಲ್ಲ ಬಿಡು”. ಗುಂಪು ನೃತ್ಯದಲ್ಲಿ ಹೆಜ್ಜೆ ತಪ್ಪಿದರೆ “ಪಕ್ಕದವಳೇ ನಿನ್ನನ್ನು ತಪ್ಪಿಸಿದಳು”. ಪ್ರೀತಿಯಿಂದಲೇ ಹೇಳುತ್ತೇವೆ. ಮಗುವಿಗೆ ನಿಜ ಗೊತ್ತಿರುತ್ತದೆ. ಒಪ್ಪಿಕೊಂಡರೆ ಅಪ್ಪನ ಮುಂದೆ ಸಣ್ಣವಳಾಗಬೇಕು. ಒಪ್ಪಿಕೊಳ್ಳದಿದ್ದರೆ ತನ್ನ ಕಣ್ಣಿಗೇ ತಾನು ಸಣ್ಣವಳಾಗಬೇಕು.

ನಾನು ಕೊಟ್ಟ ಸಲಹೆ ಹೀಗಿತ್ತು. ಅಪ್ಪನಿಗೆ ನಿಜ ಹೇಳು. ಮನೆಯಲ್ಲಿ ಅಲ್ಲ, ಕಾರಿನಲ್ಲಂತೂ ಅಲ್ಲ. ಇಲ್ಲಿ, ಈ ಕೋಣೆಯಲ್ಲಿ, ನಾನು ಪಕ್ಕದಲ್ಲಿ ಕುಳಿತಿರುವಾಗ ಹೇಳು. ಯಾವತ್ತು ಎಂದು ನೀನೇ ತೀರ್ಮಾನಿಸು. ಬೇಡ ಅನಿಸಿದರೆ ಬೇಡ. ಹೇಳಿದ ಮೇಲೆ ಗೆಳತಿಗೂ ಹೇಳಬೇಕು ಅನಿಸಬಹುದು. ಅದೂ ನಿನಗೇ ಬಿಟ್ಟದ್ದು.

ಈ ಸಲಹೆಯನ್ನು ನನ್ನ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ಇಷ್ಟು ಚಿಕ್ಕ ಹುಡುಗಿಯ ಮೇಲೆ ಯಾಕೆ ಹೊರೆ ಹಾಕುತ್ತೀರಿ, ತಂದೆಯನ್ನು ಕರೆದು ಒತ್ತಡ ಕಡಿಮೆ ಮಾಡಿ ಎಂದು ನೀವೇ ಹೇಳಿ, ಆರು ತಿಂಗಳು ಆಟ ನಿಲ್ಲಿಸಿ ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಕೆಲವು ಮಕ್ಕಳಿಗೆ ಅದೇ ಸರಿ. ಆಟದ ಹೆಸರಿನಲ್ಲಿ ಹೊಡೆತ ತಿನ್ನುವ ಮಗುವಾಗಿದ್ದರೆ ನಾನೂ ಮೊದಲು ಆಟ ನಿಲ್ಲಿಸಿ ಎನ್ನುತ್ತಿದ್ದೆ. ಆದರೆ ಈ ಹುಡುಗಿಗೆ ಟೆನಿಸ್ ಎಂದರೆ ಜೀವ. ಕೋರ್ಟಿನ ಚಿತ್ರ ಬರೆಯುವಾಗ ಅವಳ ಕೈ ಓಡಿದ ರೀತಿಯನ್ನು ನಾನು ನೋಡಿದ್ದೇನೆ. ಆಟ ನಿಲ್ಲಿಸಿದರೆ ಹೊಟ್ಟೆನೋವು ನಿಲ್ಲುತ್ತಿತ್ತು, ‘ಹೂಂ’ ಒಳಗೇ ಉಳಿಯುತ್ತಿತ್ತು. ನಾನೇ ತಂದೆಗೆ ಹೇಳಿದ್ದರೆ? ಅವಳ ಬಾಯಿಂದ ಬರಬೇಕಾದ ಮಾತನ್ನು ಮತ್ತೊಬ್ಬ ದೊಡ್ಡವರು ಕಿತ್ತುಕೊಂಡಂತೆ ಆಗುತ್ತಿತ್ತು. ಜೊತೆಗಾತಿಯನ್ನು ಆರಿಸಿದವರು ದೊಡ್ಡವರು, ಬಿಡಿಸಿದವರು ದೊಡ್ಡವರು. ನಿಜವನ್ನಾದರೂ ಅವಳೇ ಹೇಳಲಿ ಎಂದು ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಎರಡು ವಾರ ಬಿಟ್ಟು ಬಂದಳು. ತಂದೆ ಎದುರಿಗೆ ಕುಳಿತರು. ಅವಳು ಹುಣಸೆ ಬೀಜದ ಡಬ್ಬಿ ತೆಗೆದುಕೊಂಡು ಕೋರ್ಟ್ ಬರೆದಿದ್ದ ಅದೇ ಹಾಳೆಯ ಮೇಲೆ ನಾಲ್ಕು ಬೀಜ ಇಟ್ಟಳು. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ನಾ ಬೈತೀನಂತ ಸುಳ್ ಹೇಳ್ದೆನು?” ಎಂದರು.

“ಸುಳ್ ಹೇಳಿಲ್ಲ ಪಪ್ಪಾ. ಹೂಂ ಅಂದೆ.”

ಅವರ ಕಣ್ಣಲ್ಲಿ ನೀರು ಬಂತು. ಸಿಟ್ಟು ಬಂದಿದ್ದರೂ ತೋರಿಸಲಿಲ್ಲ. ಇಂಥ ಹೊತ್ತಿನಲ್ಲಿ ಸಿಟ್ಟಾಗುವ ತಂದೆಯರನ್ನೂ ಕಂಡಿದ್ದೇನೆ. ಅದಕ್ಕೇ ಈ ಮಾತು ನನ್ನ ಕೋಣೆಯಲ್ಲೇ ಆಗಲಿ ಎಂದದ್ದು.

ತಂದೆಗೆ ಬೇರೆ ಸಲಹೆ ಕೊಟ್ಟೆ. ಮ್ಯಾಚ್ ಮುಗಿಸಿ ಕಾರು ಹತ್ತಿದ ಮೇಲೆ ಮ್ಯಾಚಿನ ಮಾತು ನೀವು ಎತ್ತಬೇಡಿ. ಅವಳು ಎತ್ತಿದರೆ ಕೇಳಿ. ಹಸಿವಾಗಿದೆಯಾ ಅಂತ ಕೇಳಿ, ಕಾಲು ನೋಯ್ತಿದೆಯಾ ಅಂತ ಕೇಳಿ. ಅವಳ ಜೊತೆಗಾತಿಯ ಆಟದ ಬಗ್ಗೆ ಅವಳ ಮುಂದೆ ಒಂದು ಮಾತೂ ಬೇಡ, ಒಳ್ಳೆಯದೂ ಬೇಡ, ಕೆಟ್ಟದ್ದೂ ಬೇಡ. ಮುಂದಿನ ಒಂದು ವರ್ಷ ಡಬಲ್ಸ್‌ಗೆ ಯಾರ ಜೊತೆ ಎಂಬುದನ್ನು ಅವಳೂ ಕೋಚೂ ನೋಡಿಕೊಳ್ಳಲಿ. ಕಾರಿನ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸೊಲ್ಲಾಪುರದಿಂದ ಇಲ್ಲಿಗೆ ಎರಡು ಗಂಟೆ ಮೇಲಾಗುತ್ತದೆ. ಹೈದರಾಬಾದಿನಿಂದ ಇನ್ನೂ ಜಾಸ್ತಿ. ಕಾರಿನಿಂದ ಮಗು ಎದ್ದು ಹೋಗುವ ಹಾಗಿಲ್ಲ. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂರುವ ಹಾಗಿಲ್ಲ. ಅಲ್ಲಿ ಆಡಿದ ಮಾತಿಗೆ ‘ಹೂಂ’ ಅನ್ನುವುದು ಬಿಟ್ಟು ಅವಳಿಗೆ ಬೇರೆ ದಾರಿ ಇರುವುದಿಲ್ಲ.

ಡಬಲ್ಸ್ ಬಿಡಿಸುವ ಮಾತಿಗೆ ನಾನು ಸಾನಿಯಾ ಮಿರ್ಜಾ ಅವರ ಉದಾಹರಣೆ ಕೊಟ್ಟೆ. ನಮಗೆ ಹತ್ತಿರದ ಹೈದರಾಬಾದಿನವರು. 2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. ಸಿಂಗಲ್ಸ್‌ನಲ್ಲಿ ಅವರು ಏರಿದ ಅತಿ ಮೇಲಿನ ಸ್ಥಾನ 27. ಡಬಲ್ಸ್‌ನಲ್ಲಿ 2015ರಲ್ಲಿ ಜಗತ್ತಿಗೇ ಒಂದನೆಯವರು. ಈ ಉದಾಹರಣೆ ಕೊಟ್ಟದ್ದು ತಪ್ಪಾಯಿತು ಎಂದು ಆಮೇಲೆ ಅನಿಸಿತು. ಮುಂದಿನ ಭೇಟಿಗೆ ತಂದೆ ಡಬಲ್ಸ್ ಕೋಚಿಂಗ್ ಎಲ್ಲಿ ಚೆನ್ನಾಗಿದೆ ಎಂದು ವಿಚಾರಿಸಿಕೊಂಡು ಬಂದಿದ್ದರು. ಅದಕ್ಕೇ ಪುನಃ ಒಂದು ದಿನ ಕೂತು ಮಾತಾಡಬೇಕಾಯಿತು. ಹುಡುಗಿ ಡಬಲ್ಸ್ ಆಡಬೇಕಾದ್ದು ನಾಳೆ ಏನೋ ಆಗಲಿ ಅಂತ ಅಲ್ಲ. ಇವತ್ತು ಅವಳಿಗೆ ಅದು ಖುಷಿ, ಅದಕ್ಕೆ. ಇಷ್ಟನ್ನೇ ಮೊದಲು ಹೇಳಿದ್ದರೆ ಸಾಕಿತ್ತು.

ಗೆಳತಿಗೂ ಅವಳು ಹೇಳಿದಳು. ಬೆಳಿಗ್ಗೆ ನಲ್ಲಿಯ ಹತ್ತಿರ, ಬಾಟಲಿ ತುಂಬುವಾಗ. ಡಬಲ್ ಫಾಲ್ಟ್ ನನ್ನದು, ಅಪ್ಪನ ಮುಂದೆ ನಿನ್ನ ಹೆಸರು ಬಂದಾಗ ಸುಮ್ಮನಿದ್ದೆ ಎಂದಳಂತೆ.

“ಡಬಲ್ ಫಾಲ್ಟ್ ನಂಗ ಗೊತ್ತಿಲ್ಲೇನು? ನಾ ಅಲ್ಲೇ ನಿಂತಿದ್ನೆಲ್ಲ,” ಎಂದಳಂತೆ ಆ ಹುಡುಗಿ. ಅವಳಿಗೆ ನೋವಾಗಿದ್ದು ಬೇರೆ ಕಾರಣಕ್ಕೆ. ರ್‍ಯಾಂಕಿಂಗ್ ನೋಡಿ ನೀನೇ ನನ್ನನ್ನು ಬಿಟ್ಟೆ ಅಂದ್ಕೊಂಡಿದ್ದೆ ಎಂದಳಂತೆ. ಮೂರು ತಿಂಗಳು ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಸಂಕಟಪಟ್ಟಿದ್ದರು.

ಈಗ ಅವರು ಮಾತಾಡುತ್ತಾರೆ. ಜೋಡಿಯಾಗಿ ಆಡುತ್ತಿಲ್ಲ. ಆ ಹುಡುಗಿಗೆ ಬೀದರ್ ಕಡೆಯ ಒಬ್ಬಳು ಜೊತೆಗಾತಿ ಸಿಕ್ಕಿದ್ದಾಳೆ, ಅವಳನ್ನು ನಡುವೆ ಬಿಡಲು ಮನಸ್ಸಿಲ್ಲವಂತೆ. ಅದು ಸರಿಯೇ ಎಂದು ನಮ್ಮ ಹುಡುಗಿಯೇ ನನಗೆ ಹೇಳಿದಳು. ಹೊಟ್ಟೆನೋವು ಆಮೇಲೆ ಒಮ್ಮೆ ಬಂದಿತ್ತು, ಸಿಂಗಲ್ಸ್ ಮ್ಯಾಚಿನ ಹಿಂದಿನ ರಾತ್ರಿ. ಅಮ್ಮನ ಹತ್ತಿರ ಮಲಗಿದಳಂತೆ. ಬೆಳಿಗ್ಗೆ ಆಡಿದಳು. ಮುಂದಿನ ಭೇಟಿ ಬರುವ ತಿಂಗಳು.