ಟಿಂಬಕ್ಟು ಪಾಠವನ್ನು ಉಪ್ಪಿನಿಂದ ಆರಂಭಿಸಿ

ಏಳನೆಯ ತರಗತಿಗೆ ಪಾಠ ಮಾಡುವ ನೀವು, ಮಕ್ಕಳಿಗೆ ಪಶ್ಚಿಮ ಆಫ್ರಿಕಾದ ಮಾಲಿಯ ಹಳೆಯ ವ್ಯಾಪಾರ ನಗರವಾದ ಟಿಂಬಕ್ಟು ಎಂದರೆ ಚಿನ್ನ ಮತ್ತು ಮರುಭೂಮಿ ಮಾತ್ರ ನೆನಪಿರುತ್ತದೆ ಎಂದು ಬರೆದಿದ್ದೀರಿ. ಪಾಠವು ಮಾಲಿಯ ಅರಸ ಮಾನ್ಸಾ ಮೂಸಾನ 1324ರ ಹಜ್ ಯಾತ್ರೆಯಿಂದ ಆರಂಭವಾಗುವುದೇ ಇದಕ್ಕೆ ಕಾರಣವಿರಬಹುದು. ಅಲ್ಲಿ ಅರಸನ ಸಿರಿ ಕಾಣುತ್ತದೆಯೇ ಹೊರತು ಊರು ಕಾಣುವುದಿಲ್ಲ.

ಮೊದಲು ಒಂದು ಹಿಡಿ ಕಲ್ಲುಪ್ಪನ್ನು ಮೇಜಿನ ಮೇಲಿಡಿ. ಮೊರಾಕೊದ ಪ್ರವಾಸಿ ಇಬ್ನ್ ಬತೂತಾ 1352ರಲ್ಲಿ ಮಾಲಿಗೆ ಹೊರಟಾಗ, ಸಹಾರಾದ ಉಪ್ಪಿನ ಗಣಿಯ ಊರಾದ ತಘಾಜಾದಲ್ಲಿ ಉಪ್ಪಿನ ಗಟ್ಟಿಗಳಿಂದ ಕಟ್ಟಿ ಒಂಟೆಯ ಚರ್ಮ ಹೊದಿಸಿದ ಮನೆಗಳನ್ನು ಕಂಡನು. ಅದೇ ಪ್ರವಾಸಿ ಅದಕ್ಕೂ ಮುಂಚೆ ನಮ್ಮ ಹೊನ್ನಾವರಕ್ಕೆ ಬಂದಿದ್ದನೆಂದು ಹೇಳಿದರೆ ಮಕ್ಕಳು ತಾವಾಗಿಯೇ ನಕಾಶೆ ಕೇಳಿಯಾರು. ಉಪ್ಪು ಹೊತ್ತ ಒಂಟೆಗಳ ದಾರಿಯೂ ನೈಜರ್ ನದಿಯ ದೋಣಿಗಳ ದಾರಿಯೂ ಟಿಂಬಕ್ಟುವಿನ ಬಳಿ ಕೂಡುವುದನ್ನು ಅದರಲ್ಲೇ ತೋರಿಸಿ.

ಅನಂತರ ಪುಸ್ತಕಗಳಿಗೆ ಬನ್ನಿ. ಹೆಚ್ಚು ಸಮಯ ಸಲ್ಲಬೇಕಾದದ್ದು ಇಲ್ಲಿಯೇ. ಅಲ್ಲಿ ಕೈಬರಹದ ಪುಸ್ತಕಗಳ ಮಾರಾಟವು ಉಳಿದ ಸರಕುಗಳಿಗಿಂತ ಹೆಚ್ಚು ಲಾಭ ತರುತ್ತಿತ್ತೆಂದು ಹದಿನಾರನೆಯ ಶತಮಾನದಲ್ಲಿ ಪ್ರವಾಸಿ ಲಿಯೋ ಆಫ್ರಿಕಾನಸ್ ಬರೆದಿದ್ದಾನೆ. ಆ ಹಸ್ತಪ್ರತಿಗಳಲ್ಲಿ ಅನೇಕವು ಹೊಲಿಯದ ಬಿಡಿ ಹಾಳೆಗಳು, ಚರ್ಮದ ಹೊದಿಕೆಯಲ್ಲಿ ಸುತ್ತಿಟ್ಟವು. ಅವುಗಳ ಮಾದರಿಯನ್ನು ಮಕ್ಕಳು ಕಾಗದ ಮತ್ತು ರಟ್ಟಿನಿಂದ ಮಾಡಿ, ಅಂಚಿನಲ್ಲಿ ಟಿಪ್ಪಣಿ ಬರೆಯಲಿ. ತರಗತಿ ದೊಡ್ಡದಾಗಿದ್ದರೆ ಇದಕ್ಕೆ ಒಂದು ಅವಧಿ ಸಾಲದಿರಬಹುದು.

ಕೊನೆಗೆ ಟಿಂಬಕ್ಟುವಿನ ಜಿಂಗರೆಬೇರ್ ಮಸೀದಿಯ ಚಿತ್ರ ತೋರಿಸಿ, ಮಣ್ಣಿನ ಗೋಡೆಯಿಂದ ಮರದ ತುಂಡುಗಳು ಏಕೆ ಹೊರಚಾಚಿವೆ ಎಂದು ಕೇಳಿ. ಗೋಡೆಗೆ ಮತ್ತೆ ಮಣ್ಣು ಮೆತ್ತುವವರು ಅವುಗಳನ್ನೇ ಹಿಡಿದು ಹತ್ತುತ್ತಾರೆ. ಅದನ್ನು ಕಟ್ಟಿಸಿದವನು ಮಾನ್ಸಾ ಮೂಸಾ. ಅವನ ಹೆಸರು ಅಲ್ಲಿ ಬಂದರೆ ಸಾಕು.